ಆರನೆಯ ಪುಟದ ಪೊರ್ಬುಗಳು

ಪೊರ್ಬುಗಳು ತೀರಿಕೊಂಡು ಎರಡು ತಿಂಗಳಾಯಿತು ಎಂಬುದು ನನಗೆ ತಿಳಿದದ್ದು ಉಡುಪಿಯ ಮೀನು ಮಾರುಕಟ್ಟೆಯಲ್ಲಿ. ಹಿಂದೆ ಮಸ್ಕತ್ತಿನಲ್ಲಿ ನಮ್ಮ ಕಟ್ಟಡದಲ್ಲೇ ಇದ್ದ ಹೆಂಗಸೊಬ್ಬರು ಬಂಗುಡೆಯ ಕಿವಿರು ಎತ್ತಿ ನೋಡುತ್ತಾ, "ನಿಮಗೆ ಗೊತ್ತಿಲ್ವಾ? ನಿಮ್ಮ ಪೇಪರಿನ ಪೊರ್ಬುಗಳು ಹೋದ್ರಲ್ಲ. ನಿದ್ದೆಯಲ್ಲೇ ಅಂತೆ. ಪುಣ್ಯವಂತರು," ಎಂದರು.

ಮೀನು ಕಟ್ಟಿಸಿಕೊಂಡು ಮನೆಗೆ ಬಂದೆ. ಮೊದಲು ಬಂದದ್ದು ದುಃಖವಲ್ಲ, ಹಳೆಯ ಹೆದರಿಕೆ. ಅಳು ಬಂದದ್ದು ಮಧ್ಯಾಹ್ನದ ಮೇಲೆ, ಮೀನು ತೊಳೆದು ಮಸಾಲೆ ಹಚ್ಚಿ ಮುಗಿದ ಮೇಲೆ.

ಪೊರ್ಬುಗಳು ಮಂಗಳೂರಿನ ಕಡೆಯ ಕೊಂಕಣಿ ಮಾತಾಡುವ ಕ್ರಿಸ್ತುವರು. ಅವರಲ್ಲಿನ ಹಿರಿಯರನ್ನು ನಾವು ತುಳುವರು ಪೊರ್ಬುಗಳು ಎಂದು ಕರೆಯುವುದು ರೂಢಿ. ಎಂಬತ್ತರ ದಶಕದ ಕೊನೆಗೆ ನಾನು ಮಸ್ಕತ್ತಿನ ಒಂದು ಇಂಗ್ಲಿಷ್ ಪತ್ರಿಕೆಗೆ ಪ್ರೂಫ್ ನೋಡುವವಳಾಗಿ ಸೇರಿದಾಗ ಅವರು ಅಲ್ಲಿ ಆರನೆಯ ಪುಟವನ್ನು, ಎಂದರೆ ವಿದೇಶದ ಸುದ್ದಿಯ ಪುಟವನ್ನು, ನೋಡಿಕೊಳ್ಳುತ್ತಿದ್ದರು. ಐವತ್ತು ದಾಟಿದ ತೆಳ್ಳನೆಯ ಎತ್ತರದ ಮನುಷ್ಯ. ಹೊರಗೆ ಬಿಸಿಲು ಡಾಂಬರನ್ನು ಕರಗಿಸುತ್ತಿದ್ದರೂ ಅಂಗಿಯ ಕೊರಳ ಗುಂಡಿ ಬಿಚ್ಚುತ್ತಿರಲಿಲ್ಲ. ಓದುವಾಗ ತುಟಿ ಅಲ್ಲಾಡುತ್ತಿತ್ತು. ಸುದ್ದಿಯ ಕಾಗದದ ಮೇಲೆ ಒಂದು ಉಕ್ಕಿನ ಅಡಿಪಟ್ಟಿ ಇಟ್ಟು, ಒಂದು ಸಾಲು ಓದಿದ ಮೇಲೆ ಅದನ್ನು ಕೆಳಗೆ ಸರಿಸಿ ಮುಂದಿನ ಸಾಲು ಓದುವರು. ಎಲ್ಲ ಸುದ್ದಿಯನ್ನೂ ಎರಡು ಸಲ.

"ಒಂದು ಸಲ ಓದಿದ್ರೆ ಸಾಕಾಗುದಿಲ್ವಾ ಪೊರ್ಬುಲೆ?" ಎಂದು ಕೇಳಿದ್ದೆ.

"ಮೊದಲನೆಯ ಸಲ ಓದುವವ ನಾನು. ಎರಡನೆಯ ಸಲ ಓದುವವ ಮಿನಿಸ್ಟ್ರಿಯವ," ಎಂದರು. ನಗಲಿಲ್ಲ.

ಪೇಪರಿನ ಮೇಲೆ ಕಣ್ಣಿಟ್ಟಿದ್ದ ವಾರ್ತಾ ಸಚಿವಾಲಯದ ಹೆಸರು ಆ ಕಚೇರಿಯಲ್ಲಿ ತಮಾಷೆಯ ಮಾತಾಗಿರಲಿಲ್ಲ. ನಾವೆಲ್ಲ ಪರದೇಶಿಗಳು. ಪಾಸ್‌ಪೋರ್ಟುಗಳು ಕಂಪನಿಯ ಕಪಾಟಿನಲ್ಲಿ. ನಮ್ಮ ವೀಸಾಕ್ಕೆ ಹೊಣೆಯಾಗಿದ್ದ ಕಂಪನಿಯ ಮಾಲಿಕ, ಕಫೀಲ್, ಒಂದು ಮಾತು ಹೇಳಿದರೆ, ಮಂದೂಬ್ ಎಂದು ನಾವು ಕರೆಯುತ್ತಿದ್ದ ಸರಕಾರಿ ಓಡಾಟದ ಗುಮಾಸ್ತ ಕಪಾಟು ತೆರೆದು ಪಾಸ್‌ಪೋರ್ಟು ತೆಗೆದರೆ, ಆಮೇಲೆ ವಿಮಾನವೇ. ನಾನು ಸೇರುವ ಮೊದಲು ಒಬ್ಬರು ಒಂದು ಫೋಟೋದ ಕೆಳಗೆ ಬೇರೆ ಫೋಟೋದ ಹೆಸರು ಹಾಕಿದ್ದರಂತೆ. ಎರಡನೆಯ ದಿನ ಅವರು ಇರಲಿಲ್ಲ, ಅರ್ಧ ಕುಡಿದ ಚಹಾದ ಲೋಟ ಮೇಜಿನ ಮೇಲೆ ಇತ್ತು ಎಂದು ಪೊರ್ಬುಗಳೇ ಹೇಳಿದ್ದರು. ಕೆಳಗೆ ಗುರುತಿಲ್ಲದ ಕಾರೊಂದು ಬಂದು ನಿಂತರೆ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನೋಡಿ ಬಂದು ಕೂರುವರು. ದಿನಕ್ಕೆ ನಾಲ್ಕೈದು ಸಲ. ಅವರ ಮಂಚದ ಕೆಳಗೆ ಬಟ್ಟೆ ತುಂಬಿದ ಸಣ್ಣ ಪೆಟ್ಟಿಗೆಯೊಂದು ಯಾವಾಗಲೂ ತಯಾರಾಗಿರುತ್ತದೆ ಎಂದು ಅವರ ಹೆಂಡತಿ ನನ್ನ ಹತ್ತಿರ ಹೇಳಿದ್ದರು.

"ಹೆದರಿಕೆ ಇರ್ಬೇಕು ಮಾರಾಯ್ತಿ," ಎನ್ನುವರು. "ಆದ್ರೆ ಅದನ್ನು ಹೆಡ್ಡಿಂಗ್ ಮಾಡ್ಬಾರ್ದು."

ಇಂಥ ಮನುಷ್ಯನಿಗೆ ಒಂದೇ ಒಂದು ವಿಷಯದಲ್ಲಿ ಮಾತ್ರ ಸಿಟ್ಟು ಬರುತ್ತಿತ್ತು. ಅಮೆರಿಕದಲ್ಲೋ ಯುರೋಪಿನಲ್ಲೋ ಗರ್ಭಪಾತದ ವಿರುದ್ಧ ಮೆರವಣಿಗೆ ನಡೆದ ಸುದ್ದಿ ಟೆಲಿಪ್ರಿಂಟರಿನಲ್ಲಿ ಬಂದರೆ ಅವರ ಮುಖ ಬಿಗಿಯುತ್ತಿತ್ತು. ನಮ್ಮ ಓದುಗರಿಗೆ ಆ ಸುದ್ದಿ ಬೇಕಾಗಿರಲಿಲ್ಲ. ಪುಟದ ಮೂಲೆಯಲ್ಲಿ ಎರಡು ಇಂಚು ಸಿಕ್ಕಿದರೆ ಹೆಚ್ಚು. ಆದರೂ ಅವರು ನಮಗೆ ಬರುತ್ತಿದ್ದ ಎರಡು ಸುದ್ದಿಸಂಸ್ಥೆಗಳ ಕಾಗದಗಳನ್ನೂ ಹರಿದು ತಂದು ಮೇಜಿನ ಮೇಲೆ ಪಕ್ಕಪಕ್ಕ ಹಾಸುವರು.

"ನೋಡು. ಇದರಲ್ಲಿ 'ಸಾವಿರಾರು ಜನ'. ಇದರಲ್ಲಿ 'ಒಂದು ಗುಂಪು'. ಗುಂಪು ಅಂದ್ರೆ ಎಷ್ಟು? ನಮ್ಮ ಲಿಫ್ಟಿನಲ್ಲಿ ಹಿಡಿಯುವಷ್ಟಾ? ಮತ್ತೆ ನೋಡು, ಆ ಕಡೆಯವರು 'ಹೇಳಿದರು'. ಈ ಕಡೆಯವರು 'ಕಿರುಚಿದರು'. ಬಾಯಿ ಎಲ್ಲರಿಗೂ ಒಂದೇ ಅಲ್ವಾ?"

ಫೋಟೋ ಬಂದರೆ ಇನ್ನೂ ಸಂಕಟ. ಅಷ್ಟು ಜನರ ನಡುವೆ ಹಲ್ಲು ಬಿಟ್ಟು ಕೂಗುವ ಒಬ್ಬಳು ಮುದುಕಿಯನ್ನೇ ಯಾಕೆ ಹಿಡಿಯಬೇಕು? ಮಗುವನ್ನು ಎತ್ತಿಕೊಂಡು ಸುಮ್ಮನೆ ನಡೆದವರು ಇರಲಿಲ್ಲವೇ? ಅವರು ಹೀಗೆ ಕೇಳುವಾಗ ನನಗೆ ಒಮ್ಮೊಮ್ಮೆ ನಗು, ಒಮ್ಮೊಮ್ಮೆ ಬೇಸರ. ಒಂದು ದಿನ ಹೇಳಿಯೇ ಬಿಟ್ಟೆ: "ಪೊರ್ಬುಲೆ, ನೀವು ಆ ಮೆರವಣಿಗೆಯವರ ಕಡೆಯವರು. ಅದಕ್ಕೆ ನಿಮಗೆ ಹಾಗೆ ಕಾಣ್ತದೆ. ಆ ಕಡೆಯವಳೊಬ್ಬಳು ಇದೇ ಸುದ್ದಿ ಓದಿದ್ರೆ ಅವಳಿಗೂ ಅನ್ಯಾಯ ಕಂಡೀತು."

ಅವರು ಆ ಕಾಗದಗಳನ್ನು, ಇಂಥವನ್ನೆಲ್ಲ ಸೇರಿಸಿಡುವ ತಮ್ಮ ಕಡತಕ್ಕೆ ಹಾಕಿ ಖಾನೆ ಮುಚ್ಚಿದರು. ಕೋಪ ಬಂದಿರಬೇಕು ಎಂದುಕೊಂಡೆ. ಮರುದಿನ ಬಂದವರು ಚೀಲ ಕೆಳಗಿಡುವ ಮೊದಲೇ ಹೇಳಿದರು: "ನೀನು ಹೇಳಿದ್ದು ಸರಿ. ನನ್ನ ಕಣ್ಣು ಒಂದೇ ಕಡೆ ಉಂಟು."

ಆಮೇಲೆ ಅವರ ಕಡತದಲ್ಲಿ ಬೇರೆ ಜಾತಿಯ ಕಾಗದಗಳೂ ಸೇರತೊಡಗಿದವು. ಅವರ ಪ್ರಾರ್ಥನಾ ಕೂಟದಲ್ಲಿ ಹಂಚಿದ ಒಂದು ಚೀಟಿಯಲ್ಲಿ, ಗರ್ಭಪಾತ ಮಾಡಿಸಿಕೊಂಡ ಹೆಂಗಸರನ್ನು ಕೊಲೆಗಾರ್ತಿಯರು ಎಂದು ಬರೆದಿತ್ತು. ಅದರ ಮೇಲೂ ಕೆಂಪು ಶಾಯಿಯ ಗೆರೆ ಎಳೆದು ಅಂಚಿನಲ್ಲಿ 'ಕೇಳಿದಿರಾ ಅವಳನ್ನು?' ಎಂದು ಬರೆದಿದ್ದರು. ಶುಕ್ರವಾರದ ಕೂಟದಲ್ಲಿ ಅದನ್ನು ಎತ್ತಿ ಆಡಿದರಂತೆ. ಅಲ್ಲಿಯವರಿಗೆ ಹಿಡಿಸಲಿಲ್ಲ. "ನೀವು ಯಾರ ಕಡೆ?" ಎಂದು ಕೇಳಿದರಂತೆ. ಕೇಳಿದವರು ಅವರ ಸ್ವಂತ ಷಡ್ಡಕ.

ಹೀಗೆ ಮೂರು ನಾಲ್ಕು ವರ್ಷ ಅವರ ಪಕ್ಕ ಕುಳಿತೆ. ಅವರು ಮೂಲ ಕಾಗದವನ್ನು ಗಟ್ಟಿಯಾಗಿ ಓದುವರು, ನಾನು ಪ್ರೂಫಿನಲ್ಲಿ ಬೆರಳಿಟ್ಟು ತಪ್ಪು ಹಿಡಿಯುವುದು. ಓದಿ ಮುಗಿದ ಪ್ರತಿ ಹಾಳೆಯ ಮೂಲೆಯಲ್ಲೂ ನನ್ನ ಪುಟ್ಟ ಸಹಿ. ಆಮೇಲೆ ಆ ಹಾಳೆಗಳನ್ನೆಲ್ಲ ದಾರದಲ್ಲಿ ಕಟ್ಟಿ ನನ್ನ ಮೇಜಿನ ಕೆಳಗೆ ಇಡುವುದು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಮೊದಲ ಹೆರಿಗೆ ಊರಿನಲ್ಲಾಗಿತ್ತು. ರಕ್ತದೊತ್ತಡ ಏರಿ, ಫಿಟ್ಸ್ ಬಂದು, ಮೂರು ದಿನ ನನಗೆ ಪ್ರಜ್ಞೆ ಇರಲಿಲ್ಲ. ಮಗಳು ಉಳಿದಳು, ನಾನೂ ಉಳಿದೆ. ಅವಳನ್ನು ಅಮ್ಮನ ಹತ್ತಿರ ಬಿಟ್ಟು ಕೆಲಸಕ್ಕೆ ಮರಳಿದೆ. ನನ್ನ ಗಂಡ ಒಳನಾಡಿನ ಇಬ್ರಾದಲ್ಲಿ ಒಂದು ರಸ್ತೆ ಕಂಪನಿಯ ಕೆಲಸದಲ್ಲಿದ್ದರು, ವಾರದ ರಜೆಗೆ ಗುರುವಾರ ಬಂದು ಶುಕ್ರವಾರ ಸಂಜೆ ಹೋಗುವರು. ಮಗಳಿಗೆ ಏಳು ತಿಂಗಳಾಗುವ ಹೊತ್ತಿಗೆ ನನಗೆ ಮತ್ತೆ ದಿನ ತಪ್ಪಿತು.

ಆಸ್ಪತ್ರೆಯಲ್ಲಿ ಈಜಿಪ್ಟಿನ ಡಾಕ್ಟರಮ್ಮ ಒತ್ತಡ ನೋಡಿದರು. ಪಟ್ಟಿ ಬಿಚ್ಚಿ ಇನ್ನೊಮ್ಮೆ ಕಟ್ಟಿ ನೋಡಿದರು. ಮೂತ್ರದ ಚೀಟಿ ನೋಡಿದರು. ಹಳೆಯ ಹೆರಿಗೆಯ ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. "ಕಿಡ್ನಿ ಈಗಲೇ ಒದ್ದಾಡುತ್ತಿದೆ. ಈ ಸಲ ನೀನು ಉಳಿಯುತ್ತಿ ಎಂದು ನಾನು ಮಾತು ಕೊಡಲಾರೆ. ಇಲ್ಲಿ ಅಂಥ ವಿಷಯ ಸುಲಭದ್ದಲ್ಲ. ಊರಿಗೆ ಹೋಗುವುದಾದರೆ ಬೇಗ ಹೋಗು. ವಾರ ಎಣಿಸು," ಎಂದರು.

ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ ಅತ್ತೆಗೆ ತಿಳಿಯುತ್ತದೆ. ಅತ್ತೆಗೆ ತಿಳಿದರೆ ದೇವರು ಕೊಟ್ಟದ್ದನ್ನು ಬೇಡ ಅನ್ನಬಾರದು ಎಂಬ ಮಾತು ಬರುತ್ತದೆ. ಆಮೇಲೆ ವಾರಗಳು ಜಾರುತ್ತವೆ. ಆದರೆ ನಾನು ಎಲ್ಲರಿಗಿಂತ ಹೆಚ್ಚು ಹೆದರಿದ್ದು ಪೊರ್ಬುಗಳಿಗೆ. ರಜೆಯ ಅರ್ಜಿಗೆ ಮೊದಲ ಸಹಿ ಅವರದೇ ಆಗಬೇಕು. ಮೇಜಿನ ಬಲಗಡೆಯ ಖಾನೆಯಲ್ಲಿ ಅವರ ಆ ಕಡತ. ಅದನ್ನು ನೋಡಿದರೆ ನನಗೆ ವಾಕರಿಕೆ ಬರುವುದು. ಅದು ಬಸಿರಿನದೋ ಹೆದರಿಕೆಯದೋ ತಿಳಿಯುತ್ತಿರಲಿಲ್ಲ.

ಅರ್ಜಿಯಲ್ಲಿ 'ತಾಯಿಗೆ ಕಾಯಿಲೆ' ಎಂದು ಬರೆದು ಅವರ ಮುಂದಿಟ್ಟೆ. ಅಡಿಪಟ್ಟಿ ಇಟ್ಟು ಓದಿದರು. ಎರಡನೆಯ ಸಲ ಓದಿದರು.

"ಅಮ್ಮನಿಗೆ ಎಂತ?"

"ಸಕ್ಕರೆ ಕಾಯಿಲೆ."

"ಮೊನ್ನೆ ಅಮ್ಮ ಫೋನಿನಲ್ಲಿ ಹಪ್ಪಳ ಒಣಗಿಸಿದ ಕತೆ ಹೇಳಿದ್ದು ಅಂತ ನೀನೇ ನಗ್ತಾ ಇದ್ದೆ." ಅವರು ಸ್ವರ ತಗ್ಗಿಸಿದರು. "ಹತ್ತು ದಿನದಿಂದ ನೀನು ಟಿಫಿನ್ ಬಿಚ್ಚುದಿಲ್ಲ. ಮೂರು ಸಲ ಬಾತ್‌ರೂಮಿಗೆ ಓಡ್ತಿ. ನನ್ನ ಹೆಂಡತಿ ನಾಲ್ಕು ಹೆತ್ತವಳು ಮಾರಾಯ್ತಿ. ನನಗೆ ಗೊತ್ತಾಗುದಿಲ್ವಾ?"

ಕುರ್ಚಿ ಹಿಡಿದು ಕುಳಿತೆ. ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತಾ ಅವರ ಮುಖ ನೋಡಲಿಲ್ಲ, ಅಡಿಪಟ್ಟಿಯ ಮೇಲಿದ್ದ ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಟೆಲಿಪ್ರಿಂಟರು ಕಟಕಟ ಬಡಿಯುತ್ತಿತ್ತು. ಅವರು ಕನ್ನಡಕ ಒರೆಸುತ್ತಾ ತಮ್ಮ ತಂಗಿಯ ವಿಷಯ ಹೇಳಿದರು. ಆ ಮೊದಲಾಗಲೀ ಆಮೇಲಾಗಲೀ ಅದನ್ನು ಅವರು ಎತ್ತಿದ್ದಿಲ್ಲ.

ತಂಗಿಗೆ ಹತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ಒಂದು ಮಧ್ಯಾಹ್ನ ಮೇಣದ ಬತ್ತಿ ತರುತ್ತೇನೆ ಎಂದು ಹೋದವಳು ಒಬ್ಬ ಹೆಂಗಸಿನ ಮನೆಗೆ ಹೋಗಿ ಬಂದಳು. ಯಾವುದೋ ಬೇರು, ಯಾವುದೋ ಕಡ್ಡಿ. ನಾಲ್ಕನೆಯ ದಿನ ಸತ್ತಳು. "ಮನೆಯಲ್ಲಿ ಎಂತ ಹೇಳಿದ್ದು ಗೊತ್ತುಂಟಾ? ಕಾಮಾಲೆ ಅಂತ. ಪಾದ್ರಿಗಳಿಗೂ ಕಾಮಾಲೆ, ನೆರೆಯವರಿಗೂ ಕಾಮಾಲೆ. ನನಗೆ ಇಪ್ಪತ್ತಮೂರು ವರ್ಷ. ನಾನೇ ಹೋಗಿ ಮನೆಮನೆಗೆ ಹೇಳಿ ಬಂದದ್ದು, ಕಾಮಾಲೆ ಅಂತ. ನಾನು ಕೊಟ್ಟ ಮೊದಲನೆಯ ಸುದ್ದಿ ಅದು. ಸುಳ್ಳು ಸುದ್ದಿ."

ನಾನು ಅಳುತ್ತಿದ್ದೆ.

"ನಾನು ಇದನ್ನು ಒಪ್ಪುದಿಲ್ಲ. ಒಪ್ಪಿದ್ದೇನೆ ಅಂತ ನೀನು ತಿಳ್ಕೊಳ್ಬಾರ್ದು," ಎಂದರು. "ಅದು ಜೀವ. ನನಗೆ ಅದು ಜೀವವೇ. ಆದ್ರೆ ಕದ್ದು ಹೋಗ್ಬೇಡ. ಗಂಡನಿಗೆ ಹೇಳು. ದೊಡ್ಡ ಆಸ್ಪತ್ರೆಗೆ ಹೋಗು. ನಾಲ್ಕು ಜನ ಡಾಕ್ಟ್ರು ಇರುವ ಕಡೆ."

ಅರ್ಜಿಯಲ್ಲಿ 'ತಾಯಿಗೆ ಕಾಯಿಲೆ' ಎಂಬುದನ್ನು ಹೊಡೆದು ಹಾಕಿ, 'ವೈದ್ಯಕೀಯ ಕಾರಣ' ಎಂದು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಮಾಡಿದರು. "ಇದು ಸುಳ್ಳಲ್ಲ," ಎಂದರು. ಪೆನ್ನಿನ ಮುಚ್ಚಳ ಹಾಕಲು ಎರಡು ಸಲ ಪ್ರಯತ್ನಿಸಬೇಕಾಯಿತು.

ಆ ಗುರುವಾರ ಗಂಡನಿಗೆ ಹೇಳಿದೆ. ಅವರು ಬೂಟು ಬಿಚ್ಚುತ್ತಿದ್ದವರು ಹಾಗೇ ಒಂದು ಕಾಲಿನ ಬೂಟಿನಲ್ಲೇ ಕುಳಿತರು. "ನಂಗೆ ನೀನು ಉಳಿದ್ರೆ ಸಾಕು. ಅಮ್ಮನಿಗೆ ನಾನು ಹೇಳ್ತೇನೆ," ಎಂದರು. ಅಷ್ಟು ಸುಲಭವಾಗಿ ಬಂದ ಮಾತಿಗೆ ನಾನು ಮೂರು ವಾರ ಹೆದರಿ ಕಾದಿದ್ದೆ.

ಇನ್ನು ಉಳಿದದ್ದು ಕಪಾಟಿನ ಪಾಸ್‌ಪೋರ್ಟು ಮಾತ್ರ. ಮುಂದಿನ ಬುಧವಾರ ಕೊಡುತ್ತೇವೆ ಎಂದು ಮಂದೂಬ್ ಹೇಳಿದ್ದ.

ಶನಿವಾರ ಮಧ್ಯಾಹ್ನ ಆ ಸುದ್ದಿ ಬಂತು.

ಅಮೆರಿಕದ ಒಂದು ಊರಿನಲ್ಲಿ ಗರ್ಭಪಾತ ಮಾಡುವ ಚಿಕಿತ್ಸಾಲಯಕ್ಕೆ ಬೆಂಕಿ ಬಿದ್ದಿತ್ತು. ನಸುಕಿನಲ್ಲಿ ನೆಲ ಒರೆಸಲು ಬಂದಿದ್ದ ಒಬ್ಬ ಹೆಂಗಸು ಒಳಗೆ ಸುಟ್ಟು ಸತ್ತಿದ್ದಳು. ಹಿಂದಿನ ದಿನವಷ್ಟೇ ಅದರ ಎದುರು ಪ್ರತಿಭಟನೆ ನಡೆದಿತ್ತು. ಮೊದಲ ಸಂಸ್ಥೆಯ ಸುದ್ದಿ ಉದ್ದವಾಗಿತ್ತು. ಸತ್ತವಳ ಹೆಸರು, ಅವಳ ಇಬ್ಬರು ಮಕ್ಕಳ ವಯಸ್ಸು ಎಲ್ಲ ಇತ್ತು. ಪ್ರತಿಭಟನೆಯವರೇ ಹಚ್ಚಿದರು ಎಂದು ಹೇಳದಿದ್ದರೂ ಓದಿದವರು ಹಾಗೇ ತಿಳಿಯುವಂತಿತ್ತು. ಎರಡನೆಯ ಸಂಸ್ಥೆಯ ಸುದ್ದಿ ಗಿಡ್ಡ. ಸತ್ತವಳಿಗೆ ಹೆಸರಿರಲಿಲ್ಲ. ಆದರೆ ಪೊಲೀಸರು ಇನ್ನೂ ಯಾರನ್ನೂ ಹಿಡಿದಿಲ್ಲ, ಪ್ರತಿಭಟನೆ ನಡೆಸಿದವರು ಬೆಂಕಿಯನ್ನು ಖಂಡಿಸಿದ್ದಾರೆ ಎಂಬ ಒಂದು ಪ್ಯಾರಾ ಇತ್ತು.

ಸುದ್ದಿಯ ವಾಸನೆ ಅಷ್ಟರಲ್ಲೇ ಹೊರಗೆ ಹೋಗಿತ್ತು. ಷಡ್ಡಕ ಫೋನು ಮಾಡಿದರು. ರಿಸೀವರಿನ ಆಚೆಯ ಸ್ವರ ನನಗೂ ಕೇಳುತ್ತಿತ್ತು. ಕೊಂಕಣಿ ಪೂರ್ತಿ ಬಾರದಿದ್ದರೂ ಅರ್ಥವಾಯಿತು: ಇದನ್ನು ಹಾಕಬೇಡ, ನಮ್ಮೆಲ್ಲರ ಮುಖಕ್ಕೆ ಮಸಿ.

ಪೊರ್ಬುಗಳು ಫೋನು ಇಟ್ಟರು. "ನಮ್ಮವರ ಮೆರವಣಿಗೆಗೆ ಎರಡು ಇಂಚು ಅಂತ ಇಷ್ಟು ವರ್ಷ ಅತ್ತವ ನಾನು," ಎಂದರು. "ಈಗ ನಾನೇ ಎರಡು ಇಂಚು ಮಾಡಿದ್ರೆ ನನಗೆ ಅಳ್ಲಿಕ್ಕೆ ಹಕ್ಕಿಲ್ಲ."

ಎರಡೂ ಕಾಗದಗಳಿಂದ ಸಾಲುಗಳನ್ನು ಆಯ್ದು ಜೋಡಿಸಿದರು. ಹೆಂಗಸಿನ ಹೆಸರು ಮೊದಲ ಸಾಲಿನಲ್ಲೇ. ಮಕ್ಕಳ ವಿಷಯ ಅದರ ಕೆಳಗೆ. ಪೊಲೀಸರ ಮಾತು, ಖಂಡನೆಯ ಪ್ಯಾರಾ ಅದರ ಕೆಳಗೆ. ಗಟ್ಟಿಯಾಗಿ ಓದುವಾಗ ಆ ಹೆಂಗಸಿನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದಿದರು. ನಾನು ಬೆರಳಿಟ್ಟು ನೋಡಿ ಎರಡೂ ಹಾಳೆಗಳ ಮೂಲೆಗೆ ಸಹಿ ಹಾಕಿ, ಕಟ್ಟಿ, ಮೇಜಿನ ಕೆಳಗೆ ಇಟ್ಟೆ. ಸಂಜೆಗೆ ಪುಟ ಅಚ್ಚಿಗೆ ಹೋಯಿತು.

ಒಂದು ತಪ್ಪು ನಡೆದಿತ್ತು. ಎರಡು ಸಂಸ್ಥೆಗಳಿಂದ ತೆಗೆದ ಸುದ್ದಿಯ ಮೇಲೆ ಮೊದಲನೆಯ ಸಂಸ್ಥೆಯ ಹೆಸರು ಮಾತ್ರ ಅಚ್ಚಾಗಿತ್ತು. ನಾವಿಬ್ಬರೂ ಎರಡು ಸಲ ನೋಡಿಯೂ ಅದು ತಪ್ಪಿಹೋಗಿತ್ತು.

ಭಾನುವಾರ ಬೆಳಿಗ್ಗೆಯೇ ಮೂರು ಕಡೆಯಿಂದ ದೂರು. ಯಾರೋ ಒಬ್ಬರು, ಮನೆಯಲ್ಲಿ ಮಕ್ಕಳು ಓದುವ ಪೇಪರಿನಲ್ಲಿ ಇಂಥ ವಿಷಯ ಇಷ್ಟು ದೊಡ್ಡದಾಗಿ ಯಾಕೆ ಎಂದು ಕಫೀಲನ ಕಚೇರಿಗೇ ಬರೆದರಂತೆ. ಕೂಟದವರು ಸಿಟ್ಟಾದರು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಖುರುಮ್‌ನಲ್ಲಿ ಕಚೇರಿ ಇದ್ದ ಒಬ್ಬ ವಿದೇಶಿ, ಖಂಡನೆಯ ಪ್ಯಾರಾ ಮೂಲ ಸುದ್ದಿಯಲ್ಲಿ ಇಲ್ಲವೇ ಇಲ್ಲ, ನಿಮ್ಮ ಮನುಷ್ಯ ತನ್ನವರನ್ನು ಉಳಿಸಲು ಅದನ್ನು ಸೇರಿಸಿದ್ದಾನೆ ಎಂದು ಸಂಪಾದಕರಿಗೆ ಫೋನು ಮಾಡಿದ್ದ.

ಸಂಪಾದಕರು ಮದ್ರಾಸಿನ ಕಡೆಯ ಹಿರಿಯರು, ಕೆಟ್ಟವರಲ್ಲ. ಅವರೂ ಹೆದರಿದ್ದರು. ಸೋಮವಾರ ನಮ್ಮಿಬ್ಬರನ್ನೂ ಒಳಗೆ ಕರೆದರು. ಮಂದೂಬ್ ಬಾಗಿಲ ಹತ್ತಿರ ಕುಳಿತಿದ್ದ. ಮೇಜಿನ ಮೇಲೆ ಪೊರ್ಬುಗಳ ಪಾಸ್‌ಪೋರ್ಟು ಇತ್ತು. ಅದರ ಪಕ್ಕ ನನ್ನದೂ ಇತ್ತು.

"ಈ ಪ್ಯಾರಾ ಎಲ್ಲಿಂದ ಬಂತು?" ಸಂಪಾದಕರು ಇಂಗ್ಲಿಷಿನಲ್ಲಿ ಕೇಳಿದರು.

"ಎರಡನೆಯ ಸಂಸ್ಥೆಯಿಂದ ಸಾರ್."

"ಆ ಕಾಗದ ಎಲ್ಲಿ?"

ಪೊರ್ಬುಗಳು ಉತ್ತರ ಕೊಡುವ ಮೊದಲೇ ಸಂಪಾದಕರು ನನ್ನ ಕಡೆ ತಿರುಗಿದರು. "ಪ್ರೂಫ್ ಓದಿದ್ದು ನೀನು. ಎರಡನೆಯ ಕಾಗದ ನೀನು ನೋಡಿದ್ದೀಯಾ? ನೋಡಿದ್ದರೆ ಹೇಳು. ಇಬ್ಬರ ಹೇಳಿಕೆಯನ್ನೂ ಬರೆದುಕೊಂಡು ಮೇಲಕ್ಕೆ ಕಳಿಸಬೇಕು. ಅದು ಮುಗಿಯುವವರೆಗೆ ಇಬ್ಬರೂ ಇಲ್ಲೇ ಇರಬೇಕಾಗುತ್ತದೆ."

ಮೇಲಕ್ಕೆ ಹೋದ ಕಾಗದ ಎಷ್ಟು ವಾರಕ್ಕೆ ಕೆಳಗೆ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ನನ್ನ ವಾರಗಳ ಲೆಕ್ಕ ಮಾತ್ರ. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಬಿಗಿಯುತ್ತಿತ್ತು. ಕಣ್ಣ ಮುಂದೆ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಶುರುವಾಗಿದ್ದವು. ಮೊದಲ ಸಲ ಫಿಟ್ಸ್ ಬರುವ ಮೊದಲೂ ಹೀಗೇ ಆಗಿತ್ತು. ನನ್ನ ಪಾಸ್‌ಪೋರ್ಟು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

"ನನಗೆ ನೆನಪಿಲ್ಲ ಸಾರ್," ಎಂದೆ.

ಪೊರ್ಬುಗಳು ನನ್ನನ್ನು ನೋಡಿದರು. ಕ್ಷಣ ಮಾತ್ರ. ಆ ಕಟ್ಟು ನನ್ನ ಮೇಜಿನ ಕೆಳಗೆ ಇದೆ ಎಂದು ಅವರಿಗೆ ಗೊತ್ತಿತ್ತು. ಅದರ ಮೂಲೆಯಲ್ಲಿ ನನ್ನ ಸಹಿ ಇದೆ ಎಂದೂ ಗೊತ್ತಿತ್ತು. ಹೋಗಿ ತಂದಿದ್ದರೆ ಅವರು ಅಲ್ಲೇ ಬಿಡುಗಡೆಯಾಗುತ್ತಿದ್ದರು.

"ಅವಳು ನಾನು ಕೊಟ್ಟದ್ದನ್ನು ಓದಿದ್ದಾಳೆ. ಅಷ್ಟೇ ಅವಳ ಕೆಲಸ," ಎಂದರು. "ಪುಟ ನನ್ನದು. ಕಾಗದ ನನ್ನ ಹತ್ತಿರ ಈಗ ಇಲ್ಲ. ಅವಳ ಪಾಸ್‌ಪೋರ್ಟು ಕೊಟ್ಟುಬಿಡಿ ಸಾರ್, ಅವಳ ರಜೆ ನಾನು ಮೊದಲೇ ಸಹಿ ಮಾಡಿದ್ದು."

ಹೊರಗೆ ಬಂದು ಇಬ್ಬರೂ ನಮ್ಮ ನಮ್ಮ ಮೇಜಿಗೆ ಹೋದೆವು. ಆ ಎರಡು ದಿನ ಅವರ ಜೊತೆ ಊಟಕ್ಕೆ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ. ಇದನ್ನು ಬರೆಯಲು ನನಗೆ ಇವತ್ತೂ ನಾಚಿಕೆಯಾಗುತ್ತದೆ. ಅವರು ಕಿಟಕಿಯ ಹತ್ತಿರ ಬೆನ್ನು ಹಾಕಿ ಕುಳಿತು, ಬ್ರೆಡ್ಡಿನ ಚೂರು ಮುರಿದು ಬಾಯಿಗೆ ಹಾಕುತ್ತಾ, ಕೆಳಗೆ ನಿಲ್ಲುವ ಕಾರುಗಳನ್ನು ನೋಡುತ್ತಿದ್ದರು.

ಬುಧವಾರ ಪಾಸ್‌ಪೋರ್ಟು ಸಿಕ್ಕಿತು. ಆ ವಾರವೇ ಗಂಡ ನನ್ನನ್ನು ಕರೆದುಕೊಂಡು ಬೊಂಬಾಯಿಯ ಮೇಲೆ ಮಂಗಳೂರಿಗೆ ಬಂದರು. ವಿಮಾನ ಏರುವವರೆಗೂ ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಾರೆ ಎಂದೇ ಅನಿಸುತ್ತಿತ್ತು. ದೊಡ್ಡ ಆಸ್ಪತ್ರೆ. ನಾಲ್ಕು ಜನ ಡಾಕ್ಟರು ಇದ್ದರು. ಒತ್ತಡ ನೋಡಿದ ಹಿರಿಯ ಡಾಕ್ಟರು, "ಇನ್ನು ಎಂಟು ದಿನ ತಡ ಮಾಡಿದ್ದರೆ ಎರಡು ಜೀವವೂ ಇರುತ್ತಿರಲಿಲ್ಲ," ಎಂದರು. ಅದು ಮುಗಿಯಿತು. ನಾನು ಒಂದು ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಆಮೇಲೆ ಅಮ್ಮ ಮಗಳನ್ನು ತಂದು ಪಕ್ಕದಲ್ಲಿ ಮಲಗಿಸಿದರು.

ಪೊರ್ಬುಗಳ ತಂಗಿಯ ಕತೆಯಿಂದ ಅವರಿಗೆ ತಿಳಿದದ್ದು ಒಂದು, ನನಗೆ ತಿಳಿದದ್ದು ಇನ್ನೊಂದು. ಅವಳಿಗೂ ಇಂಥ ಆಸ್ಪತ್ರೆ ಸಿಕ್ಕಿದ್ದರೆ ಎಂದೇ ನಾನು ಯೋಚಿಸುವುದು. ಆ ವಿಷಯದಲ್ಲಿ ನಾನು ಅವರನ್ನು ಇವತ್ತಿಗೂ ಒಪ್ಪುವುದಿಲ್ಲ.

ಐದು ವಾರ ಕಳೆದು ಮರಳಿದಾಗ ಅವರ ಮೇಜು ಖಾಲಿ. ಆದರೆ ಅವರನ್ನು ಕಳಿಸಿರಲಿಲ್ಲ. ಹನ್ನೊಂದನೆಯ ಪುಟಕ್ಕೆ ಹಾಕಿದ್ದರು. ಹಡಗು ಬರುವ ಹೊತ್ತು, ಹವಾಮಾನ, ರುಸ್ತಾಕ್ ಕಡೆಯ ಶಾಲೆಯೊಂದರ ಬಹುಮಾನ ಸಮಾರಂಭ. ಮೂರು ವಾರ ಅವರನ್ನು ಮನೆಯಲ್ಲೇ ಕೂರಿಸಿದ್ದರಂತೆ, ಅವರ ಹೆಂಡತಿ ಎರಡು ಸಲ ಪಾತ್ರೆಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಕಟ್ಟಿ ಮತ್ತೆ ಬಿಚ್ಚಿದ್ದರಂತೆ. ಕೂಟದವರು ಅವರ ಮನೆಗೆ ಹೋಗಿಬರುವುದನ್ನು ಬಿಟ್ಟಿದ್ದರು.

ನನ್ನನ್ನು ನೋಡಿ, "ಒತ್ತಡ ಈಗ ಎಷ್ಟುಂಟು?" ಎಂದು ಮಾತ್ರ ಕೇಳಿದರು. ಹೇಳಿದೆ. "ಉಪ್ಪು ಕಡಿಮೆ ಮಾಡು," ಎಂದರು. ಮತ್ತೆ ಹಡಗುಗಳ ಹೆಸರಿನ ಮೇಲೆ ಅಡಿಪಟ್ಟಿ ಸರಿಸಿದರು. ಅವನ್ನೂ ಎರಡು ಸಲ ಓದುತ್ತಿದ್ದರು.

ಆ ಮಧ್ಯಾಹ್ನ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಕಟ್ಟು ಧೂಳು ಹಿಡಿದು ಅಲ್ಲೇ ಇತ್ತು. ದಾರ ಬಿಚ್ಚಿ ಎರಡನೆಯ ಸಂಸ್ಥೆಯ ಹಾಳೆ ಎಳೆದೆ. ಮೂಲೆಯಲ್ಲಿ ನನ್ನ ಸಹಿ. ಅದನ್ನು ಹಿಡಿದು ಸಂಪಾದಕರ ಕೋಣೆಗೆ ಹೋದೆ.

"ನನಗೆ ನೆನಪಿತ್ತು ಸಾರ್. ಆ ದಿನ ನಾನು ಸುಳ್ಳು ಹೇಳಿದೆ."

ಅವರು ಓದಿದರು. ನಿಧಾನವಾಗಿ ಮಡಚಿದರು. ಬಾಗಿಲು ಹಾಕಿದೆಯೇ ಎಂದು ಒಮ್ಮೆ ನೋಡಿ, ಮೇಜಿನ ಖಾನೆಯಲ್ಲಿ ಇಟ್ಟು ಬೀಗ ತಿರುಗಿಸಿದರು. "ಖಲಾಸ್," ಎಂದರು. "ಆ ವಿಷಯ ಮುಗಿಯಿತು. ಈಗ ಇದನ್ನು ಎತ್ತಿದರೆ ಅವರ ಹಿಂದೆ ನೀನು, ನಿನ್ನ ಹಿಂದೆ ನಾನು. ಹೋಗು, ಕೆಲಸ ಮಾಡು."

ನಾನು ಹೋಗಿ ಕೆಲಸ ಮಾಡಿದೆ. ಇನ್ನೊಂದು ಸಲ ಆ ಬಾಗಿಲು ತಟ್ಟುವ ಧೈರ್ಯ ನನಗೆ ಬರಲಿಲ್ಲ. ಮೂರು ವರ್ಷ ಪೊರ್ಬುಗಳು ಹನ್ನೊಂದನೆಯ ಪುಟದಲ್ಲೇ ಇದ್ದರು. ಆರನೆಯ ಪುಟಕ್ಕೆ ಹೊಸಬರು ಬಂದರು. ಅವರು ಮೆರವಣಿಗೆಯ ಸುದ್ದಿಯನ್ನೂ ಬೆಂಕಿಯ ಸುದ್ದಿಯನ್ನೂ, ಎರಡನ್ನೂ, ಹಾಕುತ್ತಿರಲಿಲ್ಲ. ತೊಂದರೆಯೇ ಇರಲಿಲ್ಲ.

ತೊಂಬತ್ತರ ದಶಕದ ನಡುವೆ ಪೊರ್ಬುಗಳು ಕೆಲಸ ಮುಗಿಸಿ ಊರಿಗೆ ಹೊರಟರು. ಸೀಬ್ ವಿಮಾನ ನಿಲ್ದಾಣಕ್ಕೆ ನಾನೂ ನನ್ನ ಗಂಡನೂ ಹೋಗಿದ್ದೆವು. ಕೂಟದ ಪೈಕಿ ಷಡ್ಡಕ ಒಬ್ಬರು ಮಾತ್ರ ಬಂದಿದ್ದರು, ಪೆಟ್ಟಿಗೆಗಳನ್ನು ಇಳಿಸಿಕೊಟ್ಟು ದೂರ ನಿಂತಿದ್ದರು. ನನ್ನ ಗಂಡ ಪೊರ್ಬುಗಳ ಹೆಂಡತಿಯ ಜೊತೆ ಟ್ರಾಲಿ ತರಲು ಹೋದಾಗ ನಾವಿಬ್ಬರೇ ಉಳಿದೆವು. ಈಗ ಹೇಳದಿದ್ದರೆ ಇನ್ನಿಲ್ಲ ಎನಿಸಿತು.

"ಪೊರ್ಬುಲೆ, ಆ ದಿನ ನನಗೆ ನೆನಪಿತ್ತು."

"ಗೊತ್ತುಂಟು," ಎಂದರು. "ಆಮೇಲೆ ನೀನು ಕಾಗದ ತಗೊಂಡು ಒಳಗೆ ಹೋದದ್ದೂ ಗೊತ್ತುಂಟು. ಸಂಪಾದಕರು ಹೇಳಿದ್ರು."

"ನಿಮಗೆ ನನ್ನ ಮೇಲೆ ಬೇಜಾರು ಆಗ್ಲಿಲ್ವಾ?"

"ಆಯ್ತು," ಎಂದರು. "ಸುಳ್ಳು ಯಾಕೆ ಹೇಳುದು? ಒಂದು ವಾರ ಆಯ್ತು." ಕೊರಳ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡರು. "ನೀನು ಹೋದ ಐದು ವಾರ ನಾನು ದಿನಾ ಇಗರ್ಜಿಗೆ ಹೋಗ್ತಿದ್ದೆ. ಮೊದಲ ಮೂರು ವಾರ ಕೆಲಸವೂ ಇರ್ಲಿಲ್ಲಲ್ಲ."

ನನ್ನ ಪಾಪಕ್ಕೆ ಕ್ಷಮೆ ಕೇಳಿದ್ದರೇನೋ, ಆ ಹುಟ್ಟದ ಮಗುವಿಗಾಗಿ ಬತ್ತಿ ಹಚ್ಚಿದ್ದರೇನೋ. ಕೇಳಬಾರದು ಎಂದುಕೊಂಡವಳು ಕೇಳಿಬಿಟ್ಟೆ. "ಎಂತ ಬೇಡಿಕೊಂಡ್ರಿ?"

"ನೀನು ಜೀವಂತ ತಿರುಗಿ ಬರ್ಲಿ ಅಂತ. ಬೇರೆ ತುಂಬ ಬೇಡ್ಲಿಕ್ಕುಂಟು ಅಂತಲೇ ಹೋದದ್ದು. ಮೊಣಕಾಲೂರಿದ ಮೇಲೆ ಅದೊಂದೇ ಬಾಯಿಗೆ ಬಂದದ್ದು."

ಹೆಂಡತಿ ಟ್ರಾಲಿ ತಂದು ಕೊಂಕಣಿಯಲ್ಲಿ ಗಡಿಬಿಡಿ ಮಾಡಿದರು. ಅವರು ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು, ಒಳಗೆ ಹೋಗಿ ಸಾಲಿನಲ್ಲಿ ನಿಂತರು. ನಾನು ಗಾಜಿನ ಈಚೆ ನಿಂತು ನೋಡಿದೆ. ಅವರ ಸರದಿ ಬಂತು. ಅಧಿಕಾರಿ ಪಾಸ್‌ಪೋರ್ಟು ಬಿಚ್ಚಿ ಒಮ್ಮೆ ಫೋಟೋವನ್ನೂ ಒಮ್ಮೆ ಮುಖವನ್ನೂ ನೋಡಿದ. ಪೊರ್ಬುಗಳು ಎರಡೂ ಕೈಯಿಂದ ಕೌಂಟರಿನ ಅಂಚು ಹಿಡಿದುಕೊಂಡರು. ಮುದ್ರೆ ಬಿದ್ದ ಮೇಲೂ ಬಿಡಲಿಲ್ಲ. ಹೆಂಡತಿ ಬಂದು ಒಂದೊಂದೇ ಕೈಯನ್ನು ಬಿಡಿಸಿ ಕರೆದುಕೊಂಡು ಹೋದರು.